ಅಮ್ಮನ ಹಲ್ಲು ಈಗ ಯಾರ ಕೈಲಿದೆ?

ಜಯನಗರ ನಾಲ್ಕನೇ ಬ್ಲಾಕಿನ ದಂತವೈದ್ಯೆಯ ಕುರ್ಚಿಯಲ್ಲಿ ಒರಗಿದ್ದ ನನ್ನ ಅಮ್ಮ ಹೊಸ ಹಲ್ಲಿನ ಸೆಟ್ ಹಾಕಿಸಿಕೊಂಡು, ಕೈಗನ್ನಡಿ ನೋಡಿಕೊಂಡು, ನನ್ನ ಕಡೆ ತಿರುಗಿದಳು. ನನಗೆ ಗುರುತೇ ಸಿಗಲಿಲ್ಲ.

ತುಟಿ ಮುಚ್ಚುತ್ತಿಲ್ಲ. ಕೆನ್ನೆ ಎರಡೂ ಕಡೆ ಉಬ್ಬಿದೆ. ಯಾರೋ ಗಡಸು ಪೊಲೀಸ್ ಇನ್‌ಸ್ಪೆಕ್ಟರ್ ಅಮ್ಮನ ಸೀರೆ ಉಟ್ಟು ಕೂತ ಹಾಗಿತ್ತು. ಅಮ್ಮ ಏನೋ ಹೇಳಲು ನೋಡಿದಳು. ಮಾತು ಹೊರಡಲಿಲ್ಲ. ಕೊನೆಗೆ ಸೆಟ್ ತೆಗೆದು ಟ್ರೇಯಲ್ಲಿಟ್ಟು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಇದು ನನ್ನ ಹಲ್ಲಲ್ಲ ಕಣೇ" ಎಂದಳು.

ಹಾಗೆ ನೋಡಿದರೆ ಕಟ್ಟಿಸಿಕೊಂಡ ಹಲ್ಲು ಯಾರದೂ ಅಲ್ಲ. ಆದರೆ ಅಮ್ಮ ಹೇಳಿದ್ದು ಅದಲ್ಲ. ಡಾಕ್ಟರಮ್ಮ ಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಅಳತೆ ತೆಗೆದ ದಿನ ಬರೆದಿಟ್ಟುಕೊಂಡಿದ್ದನ್ನೂ ನೋಡಿ, ಮುಖ ಚಿಕ್ಕದು ಮಾಡಿಕೊಂಡರು. "ಇದು ಗಂಡಸರ ಸೈಜು. ಲ್ಯಾಬಲ್ಲಿ ಅದಲುಬದಲು ಆಗಿದೆ ಅನ್ಸುತ್ತೆ. ಸಾರಿ ಅಮ್ಮ." ಲ್ಯಾಬಿಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ಉತ್ತರ ನಿಮಗೂ ಚೆನ್ನಾಗಿ ಗೊತ್ತಿರುವಂಥದ್ದೇ. "ನೋಡ್ತೀವಿ ಡಾಕ್ಟರ್."

ಈ ಅಂಕಣ ತಪ್ಪದೆ ಓದುವವರಿಗೆ ನನ್ನ ಅಮ್ಮ ಹೊಸಬಳೇನಲ್ಲ. ಮೊದಲ ಸಲ ಓದುತ್ತಿರುವವರಿಗಾಗಿ ಒಂದೆರಡು ಮಾತು. ಹೆಸರು ರಾಜಮ್ಮ. ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅಪ್ಪ ಹೋದ ಮೇಲೆ ಜೆ.ಪಿ. ನಗರದ ಈ ತುದಿಯಲ್ಲಿ, ಪುಟ್ಟೇನಹಳ್ಳಿ ಕೆರೆಯ ಹತ್ತಿರ, ನಮ್ಮ ಜೊತೆಗಿದ್ದಾಳೆ. ಬಂದ ಹೊಸದರಲ್ಲಿ ಇಡೀ ದಿನ ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಒಂದು ದಿನ ಎದುರು ಅಪಾರ್ಟ್‌ಮೆಂಟಿನ ಹುಡುಗಿಯೊಬ್ಬಳು ಸೊಪ್ಪಿನ ಗಾಡಿಯವನ ಜೊತೆ ಹಿಂದಿಯಲ್ಲಿ ಒದ್ದಾಡುವುದನ್ನು ನೋಡಿ ತಡೆಯಲಾರದೆ ಗೇಟಿಗೆ ಹೋದಳು. "ಸೊಪ್ಪು ಹೇಗೆ ಕಟ್ಟು ಅಂತ ಕೇಳಮ್ಮ" ಎಂದು ಹೇಳಿಕೊಟ್ಟಳು. ಹುಡುಗಿ ಕೇಳಿದಳು. ಗಾಡಿಯವನು ಖುಷಿಯಾಗಿ ಕೊತ್ತಂಬರಿ ಕೊಸರು ಹಾಕಿದ. ಮಾರನೇ ದಿನ ಆ ಹುಡುಗಿ ತನ್ನ ಗೆಳತಿಯನ್ನೂ ಕರೆತಂದಳು.

ಅಮ್ಮನ ಕನ್ನಡ ಕ್ಲಾಸು ಶುರುವಾಗಿದ್ದು ಹೀಗೆ. ಪಾಟ್ನಾದವರು, ಕೊಲ್ಕತ್ತಾದವರು, ಭೋಪಾಲದವರು. ಭಾನುವಾರ ಬೆಳಿಗ್ಗೆ ನಮ್ಮ ಹಾಲಿನಲ್ಲಿ ಚಾಪೆ ಹಾಸಿ ಪಾಠ. ಫೀಸಿಲ್ಲ. ಷರತ್ತು ಒಂದೇ. ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಿದವರು ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಬೇಕು. (ಮೊದಲ ಕೆಲವು ವಾರ ನಮ್ಮ ಮನೆಯಲ್ಲಿ ಕಾಫಿಪುಡಿ ನಿಲ್ಲುತ್ತಲೇ ಇರಲಿಲ್ಲ.)

ಅಷ್ಟರಲ್ಲಿ ಹಲ್ಲು ಕೈಕೊಟ್ಟವು. ಅಲುಗಾಡುತ್ತಿದ್ದವನ್ನು ಕಿತ್ತು, ಉಳಿದವನ್ನೂ ಕಿತ್ತು, "ಒಸಡು ಗಟ್ಟಿಯಾಗಲಿ, ಆಮೇಲೆ ಸೆಟ್ ಮಾಡಿಸೋಣ" ಎಂದರು ಡಾಕ್ಟರಮ್ಮ. ಅಮ್ಮ ಬೊಚ್ಚುಬಾಯಲ್ಲೇ ಪಾಠ ಮುಂದುವರಿಸಿದಳು. ಹಲ್ಲಿಲ್ಲದ ಬಾಯಲ್ಲಿ 'ಸ' ನಿಲ್ಲುವುದಿಲ್ಲ, 'ಹ' ಆಗಿ ಜಾರಿಹೋಗುತ್ತದೆ. ಒಂದು ಭಾನುವಾರ ಪಾಟ್ನಾದ ಹುಡುಗ ತುಂಬಾ ಆತ್ಮವಿಶ್ವಾಸದಿಂದ "ಹೊಪ್ಪು ಹೇಗೆ ಕಟ್ಟು?" ಎಂದ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಯಾಕೆಂದರೆ ಎಲ್ಲರೂ ಹಾಗೇ ಕಲಿತಿದ್ದರು. (ಹಳಗನ್ನಡದ ಪಾಲು ಹಾಲಾಗಲು ಶತಮಾನಗಳು ಬೇಕಾದವಂತೆ. ನಮ್ಮ ಮನೆಯಲ್ಲಿ ಸೊಪ್ಪು ಹೊಪ್ಪಾಗಲು ಕೆಲವೇ ಭಾನುವಾರ ಸಾಕಾಯಿತು.)

ನಾನು ಅಡುಗೆಮನೆಯಲ್ಲಿ ನಕ್ಕೆ. ಅಮ್ಮ ನಗಲಿಲ್ಲ. "ತಪ್ಪು ಕಲಿಸೋದಕ್ಕಿಂತ ಕಲಿಸದೇ ಇರೋದು ವಾಸಿ" ಎಂದು ಕ್ಲಾಸು ನಿಲ್ಲಿಸಿಬಿಟ್ಟಳು. ಚಾಪೆ ಸುರುಳಿಯಾಗಿ ಮಂಚದಡಿ ಸೇರಿತು. ಯಾರಾದರೂ ಬೆಲ್ ಮಾಡಿದರೆ ರೂಮಿಗೆ ಹೋಗಿಬಿಡುವಳು. ಮನೆಯವರ ಜೊತೆಗೂ ಮಾತು ಕಡಿಮೆಯಾಯಿತು. ಮತ್ತೆ ಕಿಟಕಿಯ ಪಕ್ಕ ಕೂರತೊಡಗಿದಳು. ನನಗೆ ನಿಜಕ್ಕೂ ಭಯವಾದದ್ದು ಆಗ.

ಹಾಗಾಗಿ ಆ ಹಲ್ಲಿನ ಸೆಟ್ಟಿಗೆ ನಾವು ಎಷ್ಟು ಕಾದಿದ್ದೆವು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಕಾಣೆಯಾಗಿದೆ, ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿಲ್ಲ ಎಂದಾಗ ನಾನೇ ಲ್ಯಾಬಿಗೆ ಹೋಗಿ ಕೇಳುವುದೆಂದು ಹೊರಟೆ. ಲ್ಯಾಬ್ ಇದ್ದದ್ದು ಸಾರಕ್ಕಿಯಲ್ಲಿ. ಆಟೋದವರು ಯಾರೂ ಬರಲು ಒಪ್ಪುತ್ತಿಲ್ಲ. (ಸಾರಕ್ಕಿ ಸಿಗ್ನಲ್ ಎಂದ ಕೂಡಲೇ ಮೀಟರಿನ ಜೊತೆ ಮುಖವನ್ನೂ ಆ ಕಡೆ ತಿರುಗಿಸುತ್ತಾರೆ.) ಆಗ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದ ಶಿವಲೀಲಾ, "ನಾ ಬಿಟ್ ಬರ್ತೀನಿ ನಡೀರಿ ಅಕ್ಕಾರ. ನನಗೇನೂ ಕೆಲಸಿಲ್ಲ" ಎಂದಳು.

ಕೆಲಸವಿಲ್ಲ ಎಂದದ್ದು ಬರೀ ಮಾತಿಗಲ್ಲ. ಶಿವಲೀಲಾ ನಮ್ಮ ಮಹಡಿ ಮೇಲಿನ ಮನೆಯ ಬಾಡಿಗೆದಾರಳು. ಬಾಗಲಕೋಟೆ ಕಡೆಯವಳು. ಮೊದಲು ಬಿಟಿಎಂ ಲೇಔಟಿನಲ್ಲಿದ್ದು, ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸ ಮಾಡುತ್ತಿದ್ದಳು. ಅದನ್ನು ಬಿಟ್ಟು, ಸಹೋದ್ಯೋಗಿಯಾಗಿದ್ದ ಆನಂದ ಎಂಬುವವನ ಜೊತೆ ಸೇರಿ ತನ್ನದೇ ಪುಟ್ಟ ಕಂಪನಿ ಶುರುಮಾಡಿದಳು. ಅವಳು ಮಾರುವ ವಸ್ತುವಿಗೆ ಬಿಸಿನೆಸ್ ಪ್ರಾಸೆಸ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ಹಾಗಂದರೇನು ಎಂದು ನಾನು ಒಮ್ಮೆ ಕೇಳಿ, ಅವಳು ಹೇಳಿ, ನನಗೆ ತಿಳಿಯದೆ, ಸುಮ್ಮನೆ ತಲೆಯಾಡಿಸಿದ್ದೆ. ಅಮ್ಮ ಮಾತ್ರ ಬಿಟ್ಟಿರಲಿಲ್ಲ. "ಕನ್ನಡದಲ್ಲಿ ಹೇಳಮ್ಮ" ಎಂದಿದ್ದಳು.

"ಮದಿವ್ಯಾಗ ಪಂಕ್ತಿ ಕುಂದ್ರಸ್ತಾರಲ್ರೀ ಅಮ್ಮಾರ" ಎಂದಳು ಶಿವಲೀಲಾ. "ಒಬ್ಬಾಂವ ಎಲಿ ಹಾಕ್ತಾನ, ಒಬ್ಬಾಂವ ನೀರು ಕೊಡ್ತಾನ, ಆಮ್ಯಾಲ ಉಪ್ಪು, ಕೋಸಂಬ್ರಿ, ಪಲ್ಯ. ಯಾರ ಹಿಂದ ಯಾರು ಬರಬೇಕಂತ ಬಡಸಾವ್ರಿಗೆ ಗೊತ್ತಿರತೈತಿ. ಆಫೀಸಿನ್ಯಾಗ ಅದ ಗೊತ್ತಿರೂದಿಲ್ರೀ. ನನ್ನ ಕೆಲಸ ಮುಗೀತು, ಇನ್ನ ಯಾರ ಮಾಡಬೇಕು, ಯಾರ ಕೈಯಾಗ ಕುಂತೈತಿ, ಯಾರಿಗೂ ಗೊತ್ತಿಲ್ಲ. ಅದನ್ನ ತೋರಸೂದ ನನ್ನ ಸಾಫ್ಟ್‌ವೇರು."

ಇಂಥ ಸಾಫ್ಟ್‌ವೇರನ್ನು ದೊಡ್ಡ ದೊಡ್ಡ ಕಂಪನಿಗಳು ತಮ್ಮದೇ ಯಂತ್ರಗಳಲ್ಲಿ ಹಾಕಿಸಿಕೊಂಡು, ನೋಡಿಕೊಳ್ಳಲು ಜನ ಇಟ್ಟುಕೊಂಡು ನಡೆಸುತ್ತವೆ. ಸಣ್ಣವರಿಗೆ ಅದು ಎಟುಕುವುದಿಲ್ಲ. ಶಿವಲೀಲಾಳ ಯೋಚನೆ ಬೇರೆ. ಎಲ್ಲವನ್ನೂ ಇಂಟರ್ನೆಟ್ಟಿನಲ್ಲೇ ಇಟ್ಟು ತಿಂಗಳ ಬಾಡಿಗೆಗೆ ಕೊಡುವುದು. "ಬಾವಿ ತೋಡೂದ ಯಾಕ್ರೀ? ನಲ್ಲಿ ತಿರುವಿದ್ರ ನೀರ ಬರೂ ಹಂಗ." (ನಮ್ಮ ಬಡಾವಣೆಗೆ ನೀರು ದಿನ ಬಿಟ್ಟು ದಿನ ಬರುತ್ತದೆ.)

ಆದರೆ ಕೊಳ್ಳುವವರೇ ಇರಲಿಲ್ಲ. ಒಬ್ಬ ಫ್ಯಾಕ್ಟರಿ ಮಾಲೀಕರು ಡೆಮೊ ಪೂರ್ತಿ ನೋಡಿ, "ಎಲ್ಲಾ ಸರಿ, ಸಿ.ಡಿ. ಎಲ್ಲಿ?" ಎಂದರಂತೆ. ಸಿ.ಡಿ. ಇಲ್ಲ ಎಂದಾಗ, "ಕೈಗೆ ಏನೂ ಕೊಡದೆ ದುಡ್ಡು ಕೇಳ್ತೀರಲ್ಲಮ್ಮ" ಎಂದು ನಕ್ಕು ಕಳಿಸಿದರಂತೆ. ಹಳೆಯ ಕಂಪನಿಯವರು ವಾಪಸ್ ಬಾ ಎಂದು ಕರೆಯುತ್ತಿದ್ದರು. ಹೋಗುವುದೋ ಬಿಡುವುದೋ ಎಂದು ಅವಳು ಆ ದಿನಗಳಲ್ಲಿ ತೂಗುತ್ತಿದ್ದಳು.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಹಳೆ ಊರಿನ ಮನೆಗಳ ನಡುವೆ ಆ ಲ್ಯಾಬ್. ಮಾಲೀಕ ಮುನಿರಾಜು ಅದೇ ಊರಿನವರು. ಸ್ವಂತ ಮನೆಯ ಕೆಳಗಿನ ಭಾಗವನ್ನೇ ಲ್ಯಾಬ್ ಮಾಡಿಕೊಂಡಿದ್ದಾರೆ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಪ್ಲಾಸ್ಟರಿನ ಬಾಯಿಗಳು. ನಗರದ ಈ ಭಾಗದ ಎಷ್ಟೋ ಡಾಕ್ಟರುಗಳು ಅಳತೆ ತೆಗೆದು ಕಳಿಸಿದ ದವಡೆಗಳು ಸಾಲಾಗಿ ಕೂತಿವೆ. ಒಂದೂ ಮಾತಾಡುತ್ತಿಲ್ಲ. ಮೂಲೆಯಲ್ಲಿ ಸಾದಿಕ್ ಭಾಯ್ ಎಂಬ ಹಿರಿಯ ಕೆಲಸಗಾರರು ಸ್ಪಿರಿಟ್ ದೀಪದ ಮುಂದೆ ಕೂತು, ಮೇಣದಲ್ಲಿ ಒಂದೊಂದೇ ಹಲ್ಲನ್ನು ನಾಟಿ ಮಾಡುವ ಹಾಗೆ ನಿಲ್ಲಿಸುತ್ತಿದ್ದರು.

"ಸುಳ್ ಹೇಳಲ್ಲ ಮೇಡಂ" ಎಂದರು ಮುನಿರಾಜು. "ನಿಮ್ ತಾಯೋರ ಸೆಟ್ ಎಲ್ಲೋಯ್ತು ಅಂತ ನಂಗೂ ಗೊತ್ತಾಗ್ತಿಲ್ಲ. ನಮ್ಮಲ್ಲಿ ಒಂದ್ ಸೆಟ್ ಐದಾರು ಜನರ ಕೈ ಬದಲಾಯ್ಸುತ್ತೆ. ನಡುವೆ ಎರಡು ಸಲ ಕ್ಲಿನಿಕ್ಕಿಗೆ ಹೋಗಿ ವಾಪಸ್ ಬರುತ್ತೆ. ಪ್ಲಾಸ್ಟರ್ ಕೆಲಸ ಅಂದ್ರೆ ನೀರು. ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಕಟ್ಟಿರ್ತೀವಿ, ನೆನೆದು ಅಳಿಸೋಗುತ್ತೆ." ಒಂದು ಅಚ್ಚನ್ನು ತೆಗೆದು ತೋರಿಸಿದರು. "ನೋಡಿ, ಇದ್ರಲ್ಲಿ ರಾಜ ಅಂತಿದೆ. ಮುಂದಿಂದು ಹೋಗಿದೆ. ರಾಜಮ್ಮನೋ, ರಾಜಪ್ಪನೋ..."

ಅಷ್ಟು ಹೇಳಿ ಅವರೇ ನಿಲ್ಲಿಸಿದರು. ನಾವೂ ಅವರ ಮುಖ ನೋಡಿದೆವು. ಮುನಿರಾಜು ಮೊಬೈಲ್ ಎತ್ತಿಕೊಂಡು ಬೇಗೂರಿನ ಒಂದು ಕ್ಲಿನಿಕ್ಕಿಗೆ ಫೋನ್ ಹಚ್ಚಿದರು. ಹೌದು, ಅಲ್ಲಿ ರಾಜಪ್ಪ ಎಂಬ ಪೇಷೆಂಟ್ ಇದ್ದಾರೆ. ಹೌದು, ಅವರಿಗೆ ಸೆಟ್ ತಲುಪಿದೆ. ಡಾಕ್ಟರು ಊರಿಗೆ ಹೋಗಿದ್ದರಿಂದ ನರ್ಸೇ ಕೊಟ್ಟು ಕಳಿಸಿದ್ದಾರೆ. ಕಂಪ್ಲೇಂಟ್ ಏನೂ ಬಂದಿಲ್ಲ.

ಕಂಪ್ಲೇಂಟ್ ಬಂದಿಲ್ಲವೇ? ನನ್ನ ಅಮ್ಮನ ಪುಟ್ಟ ಬಾಯಿಯ ಹಲ್ಲು ಹಾಕಿಕೊಂಡು ಒಬ್ಬ ಗಂಡಸು ಬೇಗೂರಿನಲ್ಲಿ ಓಡಾಡುತ್ತಿದ್ದಾರೆಯೇ?

ಹೋಗಿ ನೋಡಿದೆವು. ನಾಗೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ಮನೆ. ರಾಜಪ್ಪನವರು ನಿವೃತ್ತ ಬಸ್ ಡ್ರೈವರ್. ಎತ್ತರದ ಆಳು, ಅಗಲ ಮುಖ. ನಾವು ಬಂದ ವಿಷಯ ತಿಳಿಸಿದಾಗ ಅವರ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದರು. ರಾಜಪ್ಪನವರು ಮಾತ್ರ ಗಂಭೀರವಾಗಿ, ತೊಳೆದ ಸ್ಟೀಲ್ ಲೋಟದಲ್ಲಿ ಸೆಟ್ ತಂದುಕೊಟ್ಟರು.

"ನೋವಿತ್ತು ಮೇಡಂ. ನರ್ಸಮ್ಮನ ಕೇಳ್ದೆ. ಮೊದಮೊದಲು ಹಾಗೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು. ಮಾಡ್ಕೊಂಡೆ."

"ಊಟ ಹೇಗೆ ಮಾಡ್ತಿದ್ರಿ?"

"ಗಂಜಿ. ಅದಕ್ಕೆ ಹಲ್ಲು ಬೇಡವಲ್ಲ." ಸೆಟ್ಟಿನ ಅಂಚು ತೋರಿಸಿ ಹೇಳಿದರು. "ಒಸಡಿನ ಮೇಲೆ ಕೂರ್ತಿರ್ಲಿಲ್ಲ. ಅದಕ್ಕೆ ಸೈಡಲ್ಲಿ ಅರದಲ್ಲಿ ಒಂಚೂರು ಉಜ್ಜಿದೀನಿ. ತಪ್ಪು ತಿಳ್ಕೋಬೇಡಿ."

ಸ್ಕೂಟರಿನ ಹಿಂದೆ ಕೂತು ಬರುವಾಗ ನನಗೆ ಅವರದೇ ಯೋಚನೆ. ಅಡ್ಜಸ್ಟ್ ಮಾಡಿಕೊಳ್ಳಿ ಎಂಬುದು ಈ ಊರಿನ ಕುಲಮಂತ್ರ. ಬಸ್ಸಿನ ಸೀಟಿನಲ್ಲಿ ಅದು ಚಂದ. ಮೂವರ ಜಾಗದಲ್ಲಿ ನಾಲ್ವರು ಕೂರುತ್ತೇವೆ, ಮಾತುಕತೆಯೂ ಆಗುತ್ತದೆ. ಆದರೆ ತಪ್ಪು ಯಾರದೋ ಆಗಿ, ಅದನ್ನು ಹುಡುಕುವ ಕಷ್ಟ ಯಾರಿಗೂ ಬೇಡವಾಗಿ, ಕೊನೆಯಲ್ಲಿ ನಿಂತವನಿಗೆ ಅಡ್ಜಸ್ಟ್ ಮಾಡಿಕೋ ಎಂದರೆ? ಅವನು ಅರ ಹಿಡಿದು ಕೂರುತ್ತಾನೆ. ನಾವೆಲ್ಲ ಎಷ್ಟು ವಿಷಯಗಳಲ್ಲಿ ಹೀಗೆ ಉಜ್ಜಿಕೊಂಡು ಕೂತಿಲ್ಲ ಹೇಳಿ?

ಮನೆಗೆ ಬಂದು ಲೋಟವನ್ನು ಅಮ್ಮನ ಮುಂದಿಟ್ಟೆ. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಎಂಜಲು" ಎಂದಳು.

"ಬಿಸಿನೀರಲ್ಲಿ ಕುದಿಸ್ತೀನಮ್ಮ. ಡಾಕ್ಟ್ರು ಔಷಧಿ ಹಾಕಿ ತೊಳೀತಾರೆ."

"ಗಂಗೇಲಿ ಮುಳುಗ್ಸಿ ತಂದ್ರೂ ಬೇಡ. ಅವರ ಮೇಲೆ ನಂಗೇನೂ ಬೇಜಾರಿಲ್ಲ ಕಣೇ. ಪಾಪ, ಒಳ್ಳೆ ಜನ. ಆದ್ರೆ ಹಲ್ಲು ಹಂಚ್ಕೊಳ್ಳೋ ಅಷ್ಟು ಪರಿಚಯ ಇಲ್ಲ."

ಅರ ತಾಗಿದ ಮೇಲೆ ಅದು ಅಮ್ಮನ ಬಾಯಿಗೂ ಕೂರುವಂತಿರಲಿಲ್ಲ ಎಂಬುದು ಬೇರೆ ಮಾತು. ಮೊದಲಿಂದ ಮಾಡಬೇಕು ಎಂದರು ಡಾಕ್ಟರಮ್ಮ. ಮುನಿರಾಜು ಎರಡು ಮಾತಿಲ್ಲದೆ ಒಪ್ಪಿದರು. ಅಮ್ಮನ ಬಾಯಲ್ಲಿ ಅರೆಕ್ಷಣ ಇದ್ದ ಆ ಇನ್‌ಸ್ಪೆಕ್ಟರ್ ಸೆಟ್ಟನ್ನು ಶುಚಿ ಮಾಡಿ ಬೇಗೂರಿಗೆ ಕಳಿಸಿಕೊಟ್ಟರು. (ರಾಜಪ್ಪನವರು ಎಂಜಲಿನ ಪ್ರಶ್ನೆ ಎತ್ತಲಿಲ್ಲವಂತೆ. ಹಾಕಿಕೊಂಡವರೇ ಚಕ್ಕುಲಿ ಕೇಳಿದರಂತೆ.)

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಶಿವಲೀಲಾ ಮಾರನೇ ದಿನ ಮತ್ತೆ ಸಾರಕ್ಕಿಗೆ ಹೊರಟಳು. ನಾನೂ ಹೋದೆ. ಅವಳು ಮುನಿರಾಜು ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟು, ಅವರ ಲ್ಯಾಬಿನಲ್ಲಿ ಒಂದು ಸೆಟ್ ನಡೆಯುವ ದಾರಿಯನ್ನು ಚಿತ್ರ ಬರೆದು ತೋರಿಸಿದಳು. ಅಳತೆ, ಅಚ್ಚು, ಕ್ಲಿನಿಕ್ಕಿಗೆ ಹೋಗಿಬರುವುದು, ಮೇಣದ ಹಲ್ಲು, ಮತ್ತೆ ಕ್ಲಿನಿಕ್ಕು, ಕೊನೆಗೆ ಪಾಲಿಶ್. ಪ್ರತಿ ಸೆಟ್ಟಿಗೂ ಒಂದು ನಂಬರ್. ತನ್ನ ಕೆಲಸ ಮುಗಿಸಿದವರು ಒಂದು ಗುಂಡಿ ಒತ್ತಿದರೆ ಮುಂದಿನವರ ಹೆಸರಿನಲ್ಲಿ ಅದು ಹೋಗಿ ನಿಲ್ಲುತ್ತದೆ. ಲ್ಯಾಬಿನಿಂದಲೂ ನೋಡಬಹುದು, ಜಯನಗರದ ಡಾಕ್ಟರೂ ನೋಡಬಹುದು.

ಮುನಿರಾಜು ಗಮನವಿಟ್ಟು ನೋಡಿದರು. ಆಮೇಲೆ ಕೇಳಿದರು. "ಇದು ನನ್ ಕಂಪ್ಯೂಟರಲ್ಲಿ ಇರಲ್ಲ ಅಂದ್ರಿ. ಮತ್ತೆ ಎಲ್ಲಿರುತ್ತೆ?"

"ದೊಡ್ಡ ಸರ್ವರಿನ್ಯಾಗ ಇರತೈತ್ರೀ. ನಾವ ನೋಡ್ಕೋತೀವಿ."

"ನೀವು ಅಂಗಡಿ ಮುಚ್ಚಿದ್ರೆ?"

ನಾನು ಶಿವಲೀಲಾಳ ಮುಖ ನೋಡಿದೆ. ತಿಂಗಳೊಳಗೆ ಹಳೆ ಕಂಪನಿಗೆ ಉತ್ತರ ಹೇಳಬೇಕಿದ್ದವಳು ಅವಳು. ಅವಳು ಮಾತು ತೇಲಿಸಲಿಲ್ಲ. "ಮುಚ್ಚಬಹುದ್ರೀ. ಇಲ್ಲಂತ ಹೇಳೂದಿಲ್ಲ. ಆದ್ರ ದಿನಾ ಸಂಜಿಗೆ ನಿಮ್ಮ ಎಲ್ಲಾ ಲೆಕ್ಕ ನಿಮ್ಮ ಮೇಲ್‌ಗೆ ಬಂದ ಬೀಳತೈತಿ. ನಾ ಇಲ್ಲದಿದ್ರೂ ನಿಮ್ಮ ಕೆಲಸ ನಿಮ್ಮ ಹತ್ರ ಇರತೈತಿ."

ಮುನಿರಾಜು ಗಲ್ಲ ಕೆರೆದುಕೊಂಡರು. "ಒಂದೇ ಒಂದ್ ಸೆಟ್" ಎಂದರು. "ಮೇಡಂ ಅವರ ತಾಯೀದು. ಅದು ಸರಿಯಾಗಿ ಹೋಗಿ ಸೇರಿದ್ರೆ ಆಮೇಲ್ ಮಾತಾಡಣ."

ಹೀಗೆ, ಬಿಸಿನೆಸ್ ಪ್ರಾಸೆಸ್ ಮ್ಯಾನೇಜ್‌ಮೆಂಟ್ ಎಂಬ ದೊಡ್ಡ ಹೆಸರಿನ ಆ ಆನ್‌ಲೈನ್ ಸೇವೆಗೆ ಮೊದಲ ಕೆಲಸವಾಗಿ ಸೇರಿಕೊಂಡದ್ದು ನನ್ನ ಅಮ್ಮನ ಹಲ್ಲು.

ಮಂಡಿನೋವು ಎಂದು ಮಹಡಿ ಮೆಟ್ಟಿಲು ಬಿಟ್ಟುಬಿಟ್ಟಿದ್ದ ಅಮ್ಮ ಈಗ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಕಟಕಟೆ ಹಿಡಿದುಕೊಂಡು ಮೇಲೆ ಹತ್ತತೊಡಗಿದಳು. "ಈಗ ಯಾರ ಕೈಲಿದೆಯಮ್ಮ?" ಎಂದು ಕೇಳುವಳು. ಶಿವಲೀಲಾ ತೆರೆ ತೋರಿಸುವಳು. ಅಚ್ಚು ಮುಗಿದಿದೆ. ಡಾಕ್ಟರ ಹತ್ತಿರ ಹೋಗಿದೆ. ವಾಪಸ್ ಬಂದಿದೆ. ಸಾದಿಕ್ ಭಾಯ್ ಕೈಲಿದೆ. ಅಮ್ಮ ಕೆಳಗಿಳಿದು ಬಂದು ನನಗೆ ವರದಿ ಒಪ್ಪಿಸುವಳು. ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತಿದ್ದಳು.

ಆಮೇಲೆ ಸಾರಕ್ಕಿಯಲ್ಲಿ ರಸ್ತೆ ಅಗೆದರು.

ಒಳಚರಂಡಿ ಪೈಪಿಗಂತೆ. ಅಗೆದವರು ಫೋನ್ ಕೇಬಲ್ಲನ್ನೂ ಕತ್ತರಿಸಿದರು. ಲ್ಯಾಬಿನ ಇಂಟರ್ನೆಟ್ ಸತ್ತಿತು. ಯಾವಾಗ ಬರುತ್ತದೆ ಎಂದು ಕೇಳಿದರೆ ಅಗೆಯುವವರು ಕೇಬಲ್ಲಿನವರನ್ನು ತೋರಿಸಿದರು, ಕೇಬಲ್ಲಿನವರು ಅಗೆಯುವವರನ್ನು ತೋರಿಸಿದರು. ನಮ್ಮ ಮಹಡಿಯ ತೆರೆಯ ಮೇಲೆ ಅಮ್ಮನ ಹಲ್ಲು ಸಾದಿಕ್ ಭಾಯ್ ಹೆಸರಿನಲ್ಲೇ ನಿಂತುಬಿಟ್ಟಿತು. ಅಲ್ಲಿ ಕೆಲಸವೇನೋ ನಡೆಯುತ್ತಿತ್ತು. ಆದರೆ ಹೇಳುವ ದಾರಿ ಇರಲಿಲ್ಲ. ಲ್ಯಾಬಿನವರು ಮತ್ತೆ ಚೀಟಿ ಕಟ್ಟತೊಡಗಿದರು.

ಮುನಿರಾಜು ಫೋನ್ ಮಾಡಿ ಬೈಯಲಿಲ್ಲ. "ನಿಮ್ದೇನ್ ತಪ್ಪಿಲ್ಲ ಬಿಡಿ ಮೇಡಂ. ಇದೆಲ್ಲ ನಮ್ಮಂಥೋರಿಗಲ್ಲ" ಎಂದರಷ್ಟೇ. ಬೈದಿದ್ದರೇ ವಾಸಿಯಿತ್ತು ಎಂದಳು ಶಿವಲೀಲಾ.

ಅಂದು ಸಂಜೆ ಅವಳು ಕೆಳಗೆ ಬಂದು ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ನಾ ಮತ್ತ ಕೆಲಸಕ್ಕ ಹೋಗ್ತೀನ್ರೀ ಅಮ್ಮಾರ. ಸೋಮವಾರ ಹೂಂ ಅಂತ ಹೇಳಿಬಿಡ್ತೀನಿ. ನಲ್ಲಿ ಹಾಕಿದ್ರ ಏನ ಬಂತು, ಪೈಪ ಬ್ಯಾರೆಯವರ ಕೈಯಾಗ ಐತಿ."

ಅಮ್ಮ ಕಾಯಿ ಮುರಿಯುತ್ತಲೇ ಹೇಳಿದಳು. "ಹೋಗೋದಾದ್ರೆ ಹೋಗಮ್ಮ. ಆದ್ರೆ ನನ್ನ ಹಲ್ಲು ಮುಗಿಸಿ ಹೋಗು."

ಶಿವಲೀಲಾ ಅಮ್ಮನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅಮ್ಮ ನಗಲಿಲ್ಲ. ಅವಳು ತಮಾಷೆಗೆ ಹೇಳಿರಲಿಲ್ಲ.

ಮಾರನೇ ದಿನ ಬಿಟಿಎಂನಿಂದ ಅವಳ ಪಾಲುದಾರ ಆನಂದ ಬಂದ. ಇಬ್ಬರೂ ಮೇಲೆ ಕೂತು ತಲೆ ಕೆಡಿಸಿಕೊಂಡರು. ಲ್ಯಾಬಿನಲ್ಲಿ ಇಂಟರ್ನೆಟ್ ಇಲ್ಲ. ಸರಿ, ಏನಿದೆ? ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಗುಂಡಿ ಒತ್ತುವ ಬದಲು ಒಂದು ಎಸ್ಸೆಮ್ಮೆಸ್ ಕಳಿಸಿದರೆ? ಶಿವಲೀಲಾ ತನ್ನ ಹಳೆಯ ಮೊಬೈಲನ್ನು ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದಳು. ಲ್ಯಾಬಿನಿಂದ ಯಾರಾದರೂ ಸೆಟ್ಟಿನ ನಂಬರ್ ಒಂದನ್ನೇ ಬರೆದು ಆ ಮೊಬೈಲಿಗೆ ಕಳಿಸಿದರೆ ಸಾಕು, ಅದು ಓದಿಕೊಂಡು ಸೆಟ್ಟನ್ನು ಮುಂದಿನವರ ಹೆಸರಿಗೆ ದಾಟಿಸಬೇಕು. ಮುಂದಿನವರಿಗೂ ಒಂದು ಮೆಸೇಜ್ ಹೋಗಬೇಕು. ಮೊದಲು ಮಾಡಿದ್ದು ಕೆಲಸ ಮಾಡಲಿಲ್ಲ. ಎರಡನೆಯದು ಅಮ್ಮನ ಹಲ್ಲನ್ನು ಹಿಂದಕ್ಕೆ ಕಳಿಸಿತು. ಊಟಕ್ಕೆ ಕರೆದರೂ ಇಬ್ಬರೂ ಇಳಿದು ಬರಲಿಲ್ಲ, ನಾನೇ ಮೇಲಕ್ಕೆ ಚಿತ್ರಾನ್ನ ಕೊಟ್ಟು ಬಂದೆ.

ಶನಿವಾರ ಬೆಳಿಗ್ಗೆ ಅಮ್ಮ ಮಹಡಿಯಲ್ಲಿದ್ದಾಗಲೇ ಆ ಹಳೆ ಮೊಬೈಲ್ ಕುಂಯ್ ಎಂದಿತಂತೆ. ತೆರೆಯ ಮೇಲೆ ಸಾದಿಕ್ ಭಾಯ್ ಹೆಸರು ಹೋಗಿ ಡಾಕ್ಟರ ಹೆಸರು ಬಂತಂತೆ. ಅಮ್ಮ ಅಷ್ಟು ಬೇಗ ಮೆಟ್ಟಿಲಿಳಿದದ್ದನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ. "ಹೊರಟಿತು ಕಣೇ, ಸೀರೆ ಬದಲಾಯಿಸ್ತೀನಿ ಇರು" ಎಂದಳು. ಅದಿನ್ನೂ ಮೇಣದ ಹಲ್ಲು, ಅಳತೆ ನೋಡುವುದಕ್ಕೆ ಮಾತ್ರ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸೀರೆ ಬದಲಾಯಿಸಿಯೇ ಬಂದಳು.

ಕೊನೆಯ ಸೆಟ್ ಬಂದ ದಿನ ಡಾಕ್ಟರಮ್ಮ ಅದನ್ನು ಹಾಕಿ, ಕಚ್ಚಿಸಿ ನೋಡಿ, ಕನ್ನಡಿ ಕೊಟ್ಟರು. ಅಮ್ಮ ಕನ್ನಡಿಯನ್ನು ಪಕ್ಕಕ್ಕಿಟ್ಟಳು. ಮೊದಲು "ಸ" ಎಂದಳು. ಆಮೇಲೆ "ಶ". ಆಮೇಲೆ "ಷ". ಮೂರೂ ಬೇರೆ ಬೇರೆಯಾಗಿ, ಶಾಲೆಯಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಹೇಳಿದ ಹಾಗೆ. ಹೊರಗೆ ಸರದಿಯಲ್ಲಿ ಕೂತಿದ್ದವರು ಇಣುಕಿ ನೋಡಿದರು. "ಸರಸ್ವತಿ, ಶಾರದೆ, ಷಣ್ಮುಖ" ಎಂದು ಸಣ್ಣಗೆ ಹೇಳಿಕೊಂಡು, ಕೊನೆಗೆ "ಸೊಪ್ಪು" ಎಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕ್ಲಿನಿಕ್ಕಿನಲ್ಲಿ ಅಳುವವರು ಹಲ್ಲು ಕೀಳಿಸಿಕೊಂಡವರು ಮಾತ್ರ ತಾನೆ.

ಎದ್ದು ಹೊರಡುವ ಮುಂಚೆ ಅಮ್ಮ ಡಾಕ್ಟರಮ್ಮನಿಗೆ ಒಂದು ಮಾತು ಹೇಳಿದಳು. "ಚೆನ್ನಾಗಿ ಕೂತಿದೆ ಅಂತ ಮಾಡಿದವರಿಗೂ ಹೇಳಿ." ಡಾಕ್ಟರಮ್ಮ ಆಗಲಿ ಎಂದು, ತಮ್ಮ ಕಂಪ್ಯೂಟರಿನಲ್ಲಿ ಕೆಲಸ ಮುಗಿಯಿತು ಎಂದು ಗುರುತು ಹಾಕುವಾಗ ಪಕ್ಕದ ಖಾಲಿ ಜಾಗದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಫಿಟ್ ಗುಡ್, ಪೇಷೆಂಟ್ ಹ್ಯಾಪಿ.

ಭಾನುವಾರ ಚಾಪೆ ಹೊರಬಂತು. ಹೊಪ್ಪನ್ನು ಸೊಪ್ಪು ಮಾಡಲು ಇನ್ನೂ ಸ್ವಲ್ಪ ದಿನ ಬೇಕು, ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಶಿವಲೀಲಾ ಹಳೆ ಕಂಪನಿಗೆ ಬೇಡ ಎಂದು ಹೇಳಿದ್ದಾಳೆ. ಮುನಿರಾಜು ಈಗ ಲ್ಯಾಬಿನ ಎಲ್ಲಾ ಸೆಟ್ಟುಗಳನ್ನೂ ಅವಳ ಸೇವೆಗೆ ಸೇರಿಸಿದ್ದಾರೆ. ಬನಶಂಕರಿಯ ಕನ್ನಡಕದ ಮಸೂರ ಮಾಡುವವರೊಬ್ಬರು ತಾವಾಗಿ ವಿಚಾರಿಸಿಕೊಂಡು ಬಂದಿದ್ದರು. ಇನ್ನೊಬ್ಬರು ಸಿ.ಡಿ. ಕೇಳಿ ಹೋದರು. ದಾರಿ ಇನ್ನೂ ದೂರವಿದೆ. ಆದರೆ ಈಗ ಅವಳನ್ನು ಕೇಳಿದರೆ ಕೆಲಸವಿಲ್ಲ ಎನ್ನುವುದಿಲ್ಲ.

ಕಳೆದ ವಾರ ಮುನಿರಾಜು ಅವರಿಗೆ ಥ್ಯಾಂಕ್ಸ್ ಹೇಳಲು ಅಮ್ಮ ಮಾಡಿದ ಕೋಡುಬಳೆ ಹಿಡಿದು ಸಾರಕ್ಕಿಗೆ ಹೋಗಿದ್ದೆ. ಸಾದಿಕ್ ಭಾಯ್ ಎದ್ದು ಬಂದು, ಜೇಬಿನಿಂದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ಡಾಕ್ಟರಮ್ಮ ಟೈಪ್ ಮಾಡಿದ್ದ ಆ ಎರಡು ತುಂಡು ಮಾತು, ಆ ಸೆಟ್ಟನ್ನು ಮುಟ್ಟಿದ ಎಲ್ಲರಿಗೂ ಮೆಸೇಜ್ ಆಗಿ ಹೋಗಿತ್ತಂತೆ. ಹಾಗೆ ಹೋಗಲೆಂದು ಯಾರೂ ಯೋಚಿಸಿ ಮಾಡಿದ್ದಲ್ಲ. ಕೆಲಸ ಮುಗಿದಾಗ ಎಲ್ಲರಿಗೂ ತಿಳಿಸು ಎಂದು ಶಿವಲೀಲಾ ಬರೆದಿಟ್ಟಿದ್ದಳು, ಅದು ಬರೆದ ಹಾಗೇ ನಡೆದುಕೊಂಡಿತ್ತು.

"ಇಪ್ಪತ್ತು ವರ್ಷದ ಮೇಲಾಯ್ತು ಮೇಡಂ, ಹಲ್ಲು ಕಟ್ತಾ ಇದೀನಿ" ಎಂದರು ಸಾದಿಕ್ ಭಾಯ್. "ಇಲ್ಲಿಂದ ಹೋದ್ಮೇಲೆ ಏನಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ. ತಪ್ಪಾದ್ರೆ ಮಾತ್ರ ಫೋನ್ ಬರ್ತಿತ್ತು. ಇದು ಮೊದಲ್ನೇದು." ಮೆಸೇಜ್ ಬಾಕ್ಸ್ ತುಂಬಿಹೋಗಿತ್ತಂತೆ. ಬೇರೆಯವನ್ನೆಲ್ಲ ಅಳಿಸಿ ಇದೊಂದನ್ನು ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಹೆಂಡತಿಗೂ ಓದಿ ಹೇಳಿದರಂತೆ.

ನೀವು ಮಾಡಿದ ಕೆಲಸ ಚೆನ್ನಾಗಿದೆ ಎಂದು ನಿಮಗೆ ಕೊನೆಯ ಸಲ ಯಾರು, ಯಾವಾಗ ಹೇಳಿದ್ದರು?